ಹಗ್ಗದ ಮೇಲಿನ ಹನ್ನೊಂದು ನೆಂಟರು

ಚಳಿಗಾಲ ಇನ್ನೇನು ಗಂಟುಮೂಟೆ ಕಟ್ಟುವ ಹೊತ್ತು. ಒಂದು ಸೋಮವಾರ, ಬೆಳಗಿನ ಎಂಟು ಗಂಟೆ. ನದಿಯ ಮೇಲೆ ಮಂಜು ಹಾಸಿಗೆ ಹಾಸಿಕೊಂಡು ಮಲಗಿತ್ತು. ರಾಟೆಮನೆಯ ಬಾಗಿಲಲ್ಲಿ ನಿಂತು ನೋಡಿದರೆ, ನಾನೇ ಕೈಯಾರೆ ಬಿಗಿದ ಉಕ್ಕಿನ ಹಗ್ಗ ಹತ್ತು ಮಾರು ಹೋಗುವಷ್ಟರಲ್ಲಿ ಮಾಯವಾಗುತ್ತಿತ್ತು. ಆಚೆ ದಡ ಇದೆ ಎಂಬುದನ್ನು ನಂಬಿಕೆಯ ಮೇಲೆ ಒಪ್ಪಿಕೊಳ್ಳಬೇಕಿತ್ತು.

ಆಗ ನನಗೆ ಐವತ್ತಾರು. ಆ ಹಗ್ಗದ ಕೆಲಸಕ್ಕೆ ಸೇರಿ ಮೂವತ್ತು ವರ್ಷ ದಾಟಿತ್ತು. ಈ ದಡದ ಕಂಬದಿಂದ ಆ ದಡದ ಕಂಬಕ್ಕೆ ಆರುನೂರು ಅಡಿ ಹಗ್ಗ. ಅದರ ಮೇಲೆ ಗಾಲಿಗಳಿಂದ ತೂಗುವ ಒಂದು ತೊಟ್ಟಿಲು, ನಾಲ್ಕು ಜನ ಕೂರುವಷ್ಟು. ನಾನು ಈ ದಡದಲ್ಲಿ ರಾಟೆ ತಿರುಗಿಸಿದರೆ ಎಳೆಹಗ್ಗ ಓಡಿ ತೊಟ್ಟಿಲು ಆಚೆ ಹೋಗುತ್ತದೆ, ಹಿಂದಕ್ಕೆ ತಿರುಗಿಸಿದರೆ ಈಚೆ ಬರುತ್ತದೆ. ದೊಡ್ಡ ಹಗ್ಗವನ್ನು ಬಿಗಿ ಮಾಡುವ, ಸಡಿಲ ಬಿಡುವ ಸುರುಳಿಯೂ ಆ ರಾಟೆಯಲ್ಲೇ. ಸೇತುವೆ ಇದ್ದದ್ದು ಬಹಳ ಕೆಳಗೆ. ಬಸ್ಸಿನಲ್ಲಿ ಸುತ್ತಿಹೋದರೆ ಬೆಳಿಗ್ಗೆ ಹೊರಟವರು ದೀಪ ಹಚ್ಚುವ ಹೊತ್ತಿಗೆ ಎದುರಿನ ದಡ ಸೇರುತ್ತಿದ್ದರು, ಅದೂ ತಿಂದದ್ದೆಲ್ಲ ತಿರುವಿನಲ್ಲಿ ಕಕ್ಕಿಕೊಂಡು.

ಆ ದಡ ನೋಡಿಕೊಳ್ಳುತ್ತಿದ್ದವನು ನನ್ನ ಹೆಂಡತಿಯ ತಮ್ಮ. ತೊಟ್ಟಿಲು ಹಿಡಿದು ಕಟ್ಟುವುದು, ಜನರನ್ನು ಇಳಿಸುವುದು, ತಿಂಗಳಿಗೊಮ್ಮೆ ಇಡೀ ಹಗ್ಗಕ್ಕೆ ಗ್ರೀಸ್ ಹಚ್ಚುವುದು ಅವನ ಕೆಲಸ. ಗ್ರೀಸ್ ಹಚ್ಚಲು ಬೇರೆ ಒಂದು ಹಲಗೆ ಇತ್ತು. ಮೇಲೆ ಎರಡು ಗಾಲಿ, ಕೆಳಗೆ ಉಯ್ಯಾಲೆಯಂತೆ ಒಂದು ಮಣೆ. ಅದರಲ್ಲಿ ಕೂತು, ಬರಿಗೈಯಿಂದ ಹಗ್ಗ ಎಳೆದುಕೊಂಡು ಮುಂದೆ ಹೋಗಬೇಕು. ಏನು ಹೇಳಿದರೂ ‘ಆಯ್ತು ಭಾವ’ ಅನ್ನುತ್ತಿದ್ದುದರಿಂದ ಎರಡೂ ದಡದಲ್ಲಿ ಅವನಿಗೆ ಆಯ್ತಪ್ಪ ಎಂದೇ ಹೆಸರು. ಅವನ ಬಾಯಿಂದ ಆಯ್ತು ಬರುವುದಕ್ಕೂ ಕೆಲಸ ಆಗುವುದಕ್ಕೂ ನಡುವೆ ನದಿಗಿಂತ ಅಗಲವಾದ ಜಾಗವಿತ್ತು.

ಆ ಸೋಮವಾರ ವರ್ಷದ ಪರೀಕ್ಷೆ. ಊರಿನ ಆಫೀಸಿನಿಂದ ಇನ್‌ಸ್ಪೆಕ್ಟರ್ ಬಂದು, ಹಗ್ಗ ಸರಿಯಿದೆ ಎಂದು ಕಾಗದ ಕೊಟ್ಟರೆ ತೊಟ್ಟಿಲು ಓಡುತ್ತದೆ. ಇಲ್ಲವಾದರೆ ರಾಟೆಗೆ ಸೀಲು. ಸೀಲು ಬಿದ್ದರೆ ಮರುಪರೀಕ್ಷೆ ಮೂರು ತಿಂಗಳ ಮೇಲೆ. ಬೇರೆ ವರ್ಷವಾಗಿದ್ದರೆ ನನಗೆ ಅಷ್ಟು ಪುಕಪುಕ ಆಗುತ್ತಿರಲಿಲ್ಲ. ಆ ವರ್ಷ ಆಯ್ತಪ್ಪನ ಹೆಂಡತಿಗೆ ಒಂಬತ್ತು ತುಂಬಿತ್ತು. ತಾಯಿಯಿಲ್ಲದ ಹುಡುಗಿ. ‘ಅತ್ತಿಗೆ ಬಂದು ಪಕ್ಕದಲ್ಲಿ ಕೂರೋವರೆಗೂ ನಾನು ಹೆರೋದಿಲ್ಲ, ಯಾರು ಏನಾದ್ರೂ ಅನ್ಕೊಳ್ಳಿ’ ಎಂದು ಹೇಳಿಕಳಿಸಿದ್ದಳು. ನಮ್ಮಾಕೆ ಬುಧವಾರ ಹೊರಡುವುದೆಂದು ಟ್ರಂಕು ಕಟ್ಟಿ ಬಾಗಿಲ ಹತ್ತಿರವೇ ಇಟ್ಟಿದ್ದಳು. ಬಸ್ಸಿನ ಹೆಸರು ಎತ್ತಿದರೆ ಸಾಕು, ಅವಳಿಗೆ ಕೂತಲ್ಲೇ ತಲೆ ತಿರುಗುತ್ತಿತ್ತು.

ಜೀಪು ಬಂದು ನಿಂತಿತು. ಇಳಿದವಳು ಇಪ್ಪತ್ತೆಂಟು ಮೂವತ್ತರ ಹೆಣ್ಣುಮಗಳು. ಮೊಣಕಾಲುದ್ದದ ಬೂಟು, ಕುತ್ತಿಗೆಗೆ ನೇತುಹಾಕಿದ ಗಡಿಯಾರ, ಕಂಕುಳಲ್ಲಿ ಒಂದು ದಪ್ಪ ಪುಸ್ತಕ.

“ಯಜಮಾನ್ರೇ, ಹಗ್ಗ ಎಲ್ಲಿ?”

“ಮಂಜಿನೊಳಗೆ ಇದೆ ಮೇಡಂ.”

“ಇದೆ ಅಂತ ಹೆಂಗೆ ಗೊತ್ತು?”

“ನಿನ್ನೆ ಸಂಜೆ ಇತ್ತು.”

ನಕ್ಕಳು. ಒಳ್ಳೆಯ ನಗು. ನಮ್ಮಾಕೆ ಟೀ ತಂದುಕೊಟ್ಟಳು. ಗುಟುಕರಿಸುತ್ತ ಮೇಡಂ ಕೇಳಿದಳು: “ಹಗ್ಗ ಎಷ್ಟು ಬಿಗಿ ಇದೆ ಅಂತ ನೀವು ನೋಡೋದು ಹೆಂಗೆ?”

ನನಗೆ ಕೆಲಸ ಕಲಿಸಿದ ಹಳೇ ರಾಟೆಯಜ್ಜನ ವಿದ್ಯೆ ಹೇಳಿದೆ. ಆ ಅಜ್ಜನಿಗೆ ಓದು ಬರಹ ಇರಲಿಲ್ಲ, ನನಗೂ ಎರಡನೇ ಕ್ಲಾಸು. ಕಂಬದ ಹತ್ತಿರ ಹಗ್ಗಕ್ಕೆ ಮರದ ದೊಣ್ಣೆಯಿಂದ ಒಂದು ಪೆಟ್ಟು ಕೊಡಬೇಕು. ಕೂಡಲೇ ಅಂಗೈ ಇಟ್ಟು ಕಾಯಬೇಕು. ಆ ಪೆಟ್ಟು ಒಂದು ಅಲೆಯಾಗಿ ಹಗ್ಗದ ಮೇಲೆ ಓಡುತ್ತದೆ. ಆ ದಡದ ಕಂಬಕ್ಕೆ ಹಾಯುತ್ತದೆ, ಮಗುಚಿಕೊಂಡು ತಿರುಗಿ ಬರುತ್ತದೆ. ತಗ್ಗಾಗಿ ಹೋದದ್ದು ಉಬ್ಬಾಗಿ ಬಂದು ಅಂಗೈಗೆ ತಟ್ಟುತ್ತದೆ. ಮತ್ತೆ ಹೋಗುತ್ತದೆ, ಮತ್ತೆ ಬರುತ್ತದೆ. ಮೂರನೇ ಸಲ ತಟ್ಟುವವರೆಗೆ ಎಣಿಸಬೇಕು. ಬಿಗಿ ಹಗ್ಗದಲ್ಲಿ ಅಲೆ ಬೇಗ ಓಡುತ್ತದೆ, ಸಡಿಲ ಹಗ್ಗದಲ್ಲಿ ಸೋಮಾರಿಯಂತೆ ಕಾಲೆಳೆಯುತ್ತದೆ.

ಓಡುವುದು ಹಗ್ಗವಲ್ಲ. ಇದು ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು. ಹಗ್ಗ ಇದ್ದಲ್ಲೇ ಇದ್ದು, ಒಂದು ಸಲ ಮೇಲೆ ಕೆಳಗೆ ಅಲುಗಿ ಸುಮ್ಮನಾಗುತ್ತದೆ. ಬೀದಿಯಲ್ಲಿ ಒಂದು ಸುದ್ದಿ ಹೊರಟರೆ ಹೇಳಿದವರು ಅವರವರ ಬಾಗಿಲಲ್ಲೇ ನಿಂತಿರುತ್ತಾರೆ, ಸುದ್ದಿ ಮಾತ್ರ ಕೊನೇ ಮನೆ ಮುಟ್ಟಿರುತ್ತದಲ್ಲ, ಹಾಗೆ. ಜೋರಾಗಿ ಹೊಡೆದರೆ ಬೇಗ ಬರುತ್ತದೆ ಎನ್ನುವುದೂ ಸುಳ್ಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಆಯ್ತಪ್ಪ ಸುತ್ತಿಗೆಯಿಂದ ಬಾರಿಸಿ ನೋಡಿದ್ದ. ಅಲೆ ದೊಡ್ಡದಾಯಿತು, ಅವನ ಕೈ ಊದಿಕೊಂಡಿತು, ಬರುವ ಹೊತ್ತು ಮಾತ್ರ ಅದೇ.

“ಎಣಿಸೋದು ಹೆಂಗೆ? ಗಡಿಯಾರ ಇದೆಯಾ?” ಮೇಡಂ ಕೇಳಿದಳು.

ನಾನು ಸ್ವಲ್ಪ ನಾಚಿದೆ. ನಮ್ಮಾಕೆ ಬಿಡಲಿಲ್ಲ. “ಹೇಳ್ರೀ, ನೆಂಟರನ್ನ ಕರೆದು ತೋರಿಸ್ರೀ” ಎಂದಳು.

ರಾಟೆಯಜ್ಜ ಅಂಕಿ ನಂಬುತ್ತಿರಲಿಲ್ಲ. ಅವನು ನೆಂಟರನ್ನು ಹೇಳುತ್ತಿದ್ದ, ಸಾವಕಾಶ ನಡೆಯುವವನ ಹೆಜ್ಜೆಗೆ ಒಬ್ಬರಂತೆ. ಅಜ್ಜ, ಅಜ್ಜಿ, ಅಪ್ಪ, ಅಮ್ಮ, ದೊಡ್ಡಪ್ಪ, ದೊಡ್ಡಮ್ಮ, ಮಾವ, ಅತ್ತೆ, ಅಣ್ಣ, ಅಕ್ಕ, ತಮ್ಮ. ಮೂರನೇ ತಟ್ಟು ಸರಿಯಾಗಿ ತಮ್ಮನ ಮೇಲೆ ಬೀಳಬೇಕು. ಅಕ್ಕನಿಗೇ ಬಂದರೆ ಹಗ್ಗ ಬಿಗಿ. ತಂಗಿಯವರೆಗೆ ಕಾಯಿಸಿದರೆ ಸಡಿಲ.

ಮೇಡಂ ಪುಸ್ತಕ ಬಿಚ್ಚಿ ನನ್ನ ಮುಂದೆ ಹಿಡಿದಳು. “ಇದೇ ವಿದ್ಯೆ ನಮ್ಮ ಪುಸ್ತಕದಲ್ಲೂ ಇದೆ ಯಜಮಾನ್ರೇ! ನೆಂಟರು ಮಾತ್ರ ಇಲ್ಲ ಅಷ್ಟೇ. ಮೂರು ಸಲ ವಾಪಸ್ ಬರೋಕೆ ಎಷ್ಟು ಸೆಕೆಂಡು ಅಂತ ನೋಡಿದ್ರೆ, ಹಗ್ಗ ನಡುವೆ ಎಷ್ಟು ಅಡಿ ಜೋತುಬಿದ್ದಿದೆ ಅಂತ ಈ ಪಟ್ಟಿ ಹೇಳುತ್ತೆ. ಹಗ್ಗ ಎಷ್ಟು ಉದ್ದ, ಎಷ್ಟು ದಪ್ಪ, ಕೇಳೋದೇ ಬೇಡ.”

“ದಪ್ಪ ಬೇಡವಾ?”

“ಬೇಡ. ಹೊತ್ತು ಒಂದು ಗೊತ್ತಿದ್ರೆ ಸಾಕು. ನಿಮ್ಮ ಹಗ್ಗ ಹದಿಮೂರು ಅಡಿ ಜೋತಿರಬೇಕು. ಅಂದ್ರೆ ಹನ್ನೊಂದು ಸೆಕೆಂಡಿಗೆ ಒಂಚೂರು ಕಮ್ಮಿ.”

ನನಗೆ ಆ ಮಾತು ಸಕ್ಕರೆ ತಿಂದಷ್ಟು ಸಿಹಿಯಾಯಿತು. ರಾಟೆಯಜ್ಜ ಬದುಕಿದ್ದರೆ ಓಡಿಹೋಗಿ ಹೇಳಿಬರುತ್ತಿದ್ದೆ.

ಪರೀಕ್ಷೆ ಶುರು. ನಾನು ದೊಣ್ಣೆಯಿಂದ ಒಂದು ಹದವಾದ ಪೆಟ್ಟು ಕೊಟ್ಟೆ. ಮೇಡಂ ಒಂದು ಕೈಯಲ್ಲಿ ಗಡಿಯಾರ ಒತ್ತಿ, ಇನ್ನೊಂದು ಅಂಗೈ ಹಗ್ಗದ ಮೇಲಿಟ್ಟಳು. ನನ್ನ ಅಂಗೈ ಅದರ ಪಕ್ಕ. ಅಜ್ಜ ಎಂದು ಬಾಯಿ ಮುಚ್ಚುವಷ್ಟರಲ್ಲಿ ಒಂದು ತಟ್ಟು ಬಂತು. ಅಪ್ಪನ ಹತ್ತಿರ ಇನ್ನೊಂದು. ಅಮ್ಮನಿಗೆ ಮೂರನೆಯದು.

ಅಂಗೈ ತೆಗೆದು, ಪಂಚೆಗೆ ಒರೆಸಿ, ಮತ್ತೆ ಇಟ್ಟೆ.

“ನಾಲ್ಕು ಸೆಕೆಂಡು ಚಿಲ್ಲರೆ,” ಎಂದಳು ಮೇಡಂ. ಮತ್ತೆ ಹೊಡೆಸಿದಳು. ಅಷ್ಟೇ. ಪಟ್ಟಿಯ ಮೇಲೆ ಬೆರಳಾಡಿಸಿದವಳ ಮುಖದಿಂದ ನಗು ಇಳಿದುಹೋಯಿತು. “ಯಜಮಾನ್ರೇ, ಇದರ ಪ್ರಕಾರ ನಿಮ್ಮ ಹಗ್ಗ ಎರಡೇ ಅಡಿ ಜೋತಿದೆ. ಇಷ್ಟು ಬಿಗಿ ಮಾಡಿದ್ರೆ ಯಾವತ್ತು ಪಟ್ ಅನ್ನುತ್ತೋ ಗೊತ್ತಿಲ್ಲ. ನಾಲ್ಕು ಸುತ್ತು ಸಡಿಲ ಬಿಡಿ, ಮತ್ತೆ ನೋಡೋಣ.”

ಹಗ್ಗ ಬಿಗಿಯಾಗಿರಲಿಲ್ಲ. ಅಷ್ಟು ಬಿಗಿಯಾಗಿದ್ದರೆ ಕಂಬ ಕಿರುಗುಟ್ಟುತ್ತಿತ್ತು. ಅಲ್ಲದೆ ನನ್ನ ಅಂಗೈಗೆ ಇನ್ನೊಂದು ಸಂಗತಿ ತಿಳಿದಿತ್ತು. ಜೋರಾದ ತಟ್ಟುಗಳ ನಡುವೆ, ಅಪ್ಪನಿಗೂ ಅಮ್ಮನಿಗೂ ಮಧ್ಯೆ, ಇರುವೆ ನಡೆದಂಥ ಒಂದು ಸಣ್ಣ ತಟ್ಟು ಬರುತ್ತಿತ್ತು. ಅದು ಆ ದಡದ ಕಂಬದವರೆಗೆ ಹೋಗಿ ಬಂದದ್ದು, ದಿನವೂ ಬರುವ ಹೊತ್ತಿಗೇ ಬಂದದ್ದು. ಅಂದರೆ ಹಗ್ಗದ ಮೇಲೆ ನಡುವೆ ಎಲ್ಲೋ ಒಂದು ಭಾರ ಕೂತಿದೆ. ಅಲೆಯ ಹೆಚ್ಚು ಪಾಲು ಆ ಭಾರಕ್ಕೇ ಹಾಯ್ದು ಹಿಂದಿರುಗುತ್ತಿದೆ, ಸ್ವಲ್ಪ ಮಾತ್ರ ನುಸುಳಿ ಆಚೆ ಹೋಗುತ್ತಿದೆ. ಇಡೀ ನದಿಗೆ ಹನ್ನೊಂದು ನೆಂಟರಾದರೆ, ಭಾರ ಕೂತಿರುವುದು ನಾಲ್ಕನೆಯವರ ಹತ್ತಿರ. ಅಮ್ಮನ ಹತ್ತಿರ.

ತೊಟ್ಟಿಲು ನನ್ನ ಪಕ್ಕದಲ್ಲೇ ಕಟ್ಟಿತ್ತು. ಹಗ್ಗದ ಮೇಲೆ ಹೋಗಬಲ್ಲದ್ದು ಇನ್ನು ಒಂದೇ, ಗ್ರೀಸ್ ಹಲಗೆ.

ಎಲ್ಲ ತಿಳಿಯಿತು. ಮೂರು ತಿಂಗಳಿಂದ ‘ಗ್ರೀಸ್ ಹಚ್ಚಿದ್ಯೇನೋ?’ ಎಂದರೆ ‘ಆಯ್ತು ಭಾವ, ಮುಖ ನೋಡ್ಕೋಬಹುದು ಅಷ್ಟು ಹಚ್ಚಿದೀನಿ’ ಎನ್ನುತ್ತಿದ್ದ ಮಹಾಶಯ, ಇವತ್ತು ಪರೀಕ್ಷೆ ಎಂದು ನಸುಕಿನಲ್ಲೇ ಡಬ್ಬಿ ಹಿಡಿದು ಹೊರಟಿದ್ದಾನೆ. ಆ ದಡದಿಂದ ಬಳಿಯುತ್ತ ಬಳಿಯುತ್ತ ಅರ್ಧ ನದಿ ದಾಟಿದ್ದಾನೆ. ಅಷ್ಟರಲ್ಲಿ ಜೀಪಿನ ಸದ್ದು ಕೇಳಿದೆ. ಮಂಜಿನಲ್ಲಿ ಹಲಗೆ ಹತ್ತುವುದು ನಿಯಮಕ್ಕೆ ವಿರೋಧ, ಈ ದಡಕ್ಕೆ ತಿಳಿಸದೆ ಹತ್ತುವುದು ಇನ್ನೂ ವಿರೋಧ. ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ. ಹಾಗಾಗಿ ಉಸಿರು ಬಿಗಿಹಿಡಿದು, ಮಂಜೇ ತನ್ನ ತಾಯಿ ಎಂಬಂತೆ ಅದರ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನೇತಾಡುತ್ತಿದ್ದಾನೆ.

“ಸಡಿಲ ಬಿಡಿ,” ಮತ್ತೆ ಹೇಳಿದಳು ಮೇಡಂ.

“ರಾಟೆಗೆ ಕೈ ಹಾಕೋದಿಲ್ಲ ಮೇಡಂ.”

“ಯಾಕೆ?”

ನಾಲ್ಕು ಸುತ್ತು ಬಿಟ್ಟರೆ ಹಗ್ಗ ಇಳಿದು ಅವನು ಸೊಂಟದವರೆಗೆ ತಣ್ಣೀರಿನಲ್ಲಿ. ನಿಜ ಹೇಳಿದರೆ ಅವನ ಕೆಲಸ ಹೋಯಿತು, ಮಗು ಹುಟ್ಟುವ ವಾರದಲ್ಲಿ. ಹೇಳದಿದ್ದರೆ ರಾಟೆಗೆ ಸೀಲು. ನಮ್ಮಾಕೆಯ ಟ್ರಂಕು ಬಾಗಿಲಲ್ಲೇ. ಮೂರು ಕಡೆಯಿಂದಲೂ ಹಗ್ಗ ನನ್ನ ಕುತ್ತಿಗೆಗೇ ಬಂದಿತ್ತು.

“ಹಗ್ಗ ಸರಿಯಿದೆ, ಅದಕ್ಕೆ” ಎಂದೆ.

“ನಿಮ್ಮ ಮಾತು ಕೇಳಲಾ, ಗಡಿಯಾರದ ಮಾತು ಕೇಳಲಾ? ನೀವು ಬಿಡಲ್ಲ ಅಂದ್ರೆ ನಾನು ಸೀಲು ಹಾಕ್ತೀನಿ. ನನಗೇನು ಖುಷಿಯಿಲ್ಲ ಅದರಲ್ಲಿ.” ಚೀಲದಿಂದ ಕೆಂಪು ಮೇಣದ ಕಡ್ಡಿ ತೆಗೆದೇಬಿಟ್ಟಳು.

ನಮ್ಮಾಕೆ ನನ್ನ ಮುಖ ನೋಡಿದಳು. ಮೂವತ್ತು ವರ್ಷ ನೋಡಿದ ಮುಖ. ಹತ್ತಿರ ಬಂದು ಲೋಟ ಎತ್ತಿಕೊಳ್ಳುವ ನೆಪದಲ್ಲಿ ಪಿಸುಗುಟ್ಟಿದಳು. “ನಮ್ಮವನಾ?”

“ಹೂಂ.”

“ಎಲ್ಲಿ?”

“ಅಮ್ಮನ ಹತ್ತಿರ.”

“ಅಯ್ಯೋ ಇವನ ಮನೆ ಹಾಳಾಗ! ಗ್ರೀಸಾ?”

“ಹೂಂ.”

ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅದು ಸಿಟ್ಟೋ ನಗುವೋ ಇವತ್ತಿಗೂ ನನಗೆ ಖಾತ್ರಿಯಿಲ್ಲ.

“ಮೇಡಂ, ಇನ್ನೊಂದು ನಾಲ್ಕೈದು ಸಲ ನೋಡಿ, ಆಮೇಲೆ ಸೀಲು ಹಾಕಿ,” ಎಂದು ಕೇಳಿಕೊಂಡೆ. ಅವಳು ಒಪ್ಪಿದಳು.

ನನಗೂ ಆಯ್ತಪ್ಪನಿಗೂ ಹಗ್ಗದ ಮೇಲೆ ಮಾತಿನ ಲೆಕ್ಕವಿತ್ತು. ಒಂದು ಪೆಟ್ಟು, ತೊಟ್ಟಿಲು ಬಿಟ್ಟೆ. ಎರಡು, ನಿಲ್ಲಿಸು. ಮೂರು, ಇಳಿದಾಯ್ತು. ನಾಲ್ಕು, ಹಿಂದಕ್ಕೆ ಹೋಗು. ದೊಣ್ಣೆ ಎತ್ತಿ ನಾಲ್ಕು ಪೆಟ್ಟು ಕೊಟ್ಟೆ.

“ಯಾಕೆ ನಾಲ್ಕು?”

“ಅಭ್ಯಾಸ ಮೇಡಂ,” ಎಂದೆ. ಸುಳ್ಳಲ್ಲ. ಅವನಿಗೆ ನಾಲ್ಕು ಕೊಡುವುದು ನನಗೆ ಅಭ್ಯಾಸವೇ.

ಸ್ವಲ್ಪ ತಡೆದು, ಪರೀಕ್ಷೆಯ ಒಂದು ಪೆಟ್ಟು. ಮೂರನೇ ತಟ್ಟು ದೊಡ್ಡಮ್ಮನಿಗೆ ಬಂತು. ಆರು ಸೆಕೆಂಡು. ಮೇಡಂ ಹುಬ್ಬು ಗಂಟಿಕ್ಕಿ ಬರೆದುಕೊಂಡಳು. ಮತ್ತೊಂದು ಪೆಟ್ಟು. ಅತ್ತೆಯ ಹತ್ತಿರ, ಎಂಟು. ಭಲೇ ಎಂದುಕೊಂಡೆ. ಮತ್ತೊಂದು ಪೆಟ್ಟು. ಅತ್ತೆ ಬರಲಿಲ್ಲ, ಮಾವನಿಗೇ ತಟ್ಟಿತು! ಆಮೇಲೆ ಹೊಳೆಯಿತು: ನದಿಯ ನಡುವಿನಿಂದಾಚೆ ಹಗ್ಗ ಏರು, ಅದಕ್ಕೆ ಗ್ರೀಸ್ ಬಳಿದವನು ಅವನೇ. ತಾನೇ ಬಳಿದ ಗ್ರೀಸಿನ ಮೇಲೆ ಕೈಯಿಟ್ಟು ಏರಬೇಕು. ಎರಡು ಮಾರು ಏರಿದರೆ ಒಂದು ಮಾರು ಜಾರುತ್ತಿದ್ದಾನೆ, ಅತ್ತೆಯ ಮನೆಯಿಂದ ಮಾವನ ಮಡಿಲಿಗೆ.

ಮೇಡಂ ಬರೆದ ಅಂಕಿಗಳನ್ನು ನೋಡುತ್ತ ಕೂತಳು. ನಾಲ್ಕು ಚಿಲ್ಲರೆ, ಆರು, ಎಂಟು, ಏಳು. ಪೆನ್ನಿನ ತುದಿಯಿಂದ ಹಲ್ಲು ತಟ್ಟಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು.

“ಯಜಮಾನ್ರೇ, ನೀವು ರಾಟೆ ಮುಟ್ಟಿಲ್ಲ. ಹಗ್ಗ ತಾನಾಗೇ ಸಡಿಲ ಆಗಿ, ತಾನಾಗೇ ಮತ್ತೆ ಬಿಗಿ ಆಗುತ್ತಾ?”

“ಇಲ್ಲ ಮೇಡಂ.”

“ಹಾಗಾದ್ರೆ ಅಲೆ ಕಂಬಕ್ಕೆ ಹೋಗಿ ಬರ್ತಿಲ್ಲ. ಇನ್ನೇನಕ್ಕೋ ತಗುಲಿ ಬರ್ತಿದೆ. ಆ ಇನ್ನೇನೋ ನಡೀತಿದೆ.” ಮಂಜಿನ ಕಡೆ ತಿರುಗಿದಳು. “ಅದಕ್ಕೆ ಕಾಲಿದೆಯಾ?”

ನಾನು ದೊಣ್ಣೆ ಕೆಳಗಿಟ್ಟೆ. “ಕಾಲಿದೆ. ತಲೆ ಇದೆಯೋ ಇಲ್ಲವೋ ಹೇಳಲಾರೆ,” ಎಂದು ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟೆ. ಮೂರು ತಿಂಗಳ ಗ್ರೀಸು, ಹಲಗೆ, ಮಂಜು, ಆ ದಡದ ಬಸುರಿ, ಬಾಗಿಲಲ್ಲಿನ ಟ್ರಂಕು. “ತಪ್ಪು ಅವನದು. ಹೇಳದೆ ಇದ್ದದ್ದು ನನ್ನದು. ನಿಮಗೆ ಸರಿಕಂಡ ಹಾಗೆ ಮಾಡಿ.”

ಅವಳು ಕೆಂಪು ಮೇಣದ ಕಡ್ಡಿಯನ್ನು ಬೆರಳುಗಳ ನಡುವೆ ಉರುಳಿಸುತ್ತಿದ್ದಳು. ಕೊನೆಗೆ, “ಈಗ ಎಲ್ಲಿರಬಹುದು?” ಎಂದಳು.

“ಅಣ್ಣನ ಹತ್ತಿರ ಇರಬೇಕು, ಜಾರದೆ ಇದ್ರೆ.”

“ಹೊಡೀರಿ.”

ಈ ಸಲ ನಮ್ಮಾಕೆ ದೊಣ್ಣೆ ಕಸಿದುಕೊಂಡಳು. “ನನಗೆ ಕೊಡ್ರೀ, ನನ್ನ ತಮ್ಮ ಅವನು” ಎಂದು, ಹುಟ್ಟಿದಾಗಿನಿಂದ ಕೂಡಿಟ್ಟದ್ದನ್ನೆಲ್ಲ ಸೇರಿಸಿ ಒಂದು ಬಾರಿಸಿದಳು. ಮಂಜಿನೊಳಗಿಂದ ‘ಅಯ್ಯಯ್ಯಪ್ಪೋ!’ ಎಂಬ ಕೂಗು, ಹಿಂದೆಯೇ ತಗಡಿನ ಡಬ್ಬಿ ನೀರಿಗೆ ಬಿದ್ದ ಸದ್ದು. ಮೂರನೇ ತಟ್ಟು ಅಂಗೈಗೆ ಏಟು ಕೊಟ್ಟಂತೆ ಬಂತು. ಹೊತ್ತು ಮಾತ್ರ ನಾನು ಹೇಳಿದ್ದೇ, ಅಣ್ಣ. ಗಡಿಯಾರದಲ್ಲಿ ಒಂಬತ್ತು.

ಮೇಡಂ ಹಗ್ಗಕ್ಕೆ ಹಣೆ ಆನಿಸಿ ನಕ್ಕಳು. ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ನಮ್ಮಾಕೆಯೂ ದೊಣ್ಣೆ ಊರಿಕೊಂಡು ನಕ್ಕಳು. ನಾನು ನಗಲಿಲ್ಲ, ಕಾಗದ ಇನ್ನೂ ಕೈಗೆ ಬಂದಿರಲಿಲ್ಲ.

ಕಾಯ್ದೆವು. ಆಚೆಯಿಂದ ಮೂರು ಪೆಟ್ಟು ಕೇಳಿಸಿತು, ದಣಿದ ಪೆಟ್ಟು. ಇಳಿದೆ ಎಂದು. ಆಗ ನಾನು ಹೊಡೆದೆ. ಮೇಡಂ ಗಡಿಯಾರ ಒತ್ತಿದಳು, ಆದರೆ ಬಾಯಲ್ಲಿ ನೆಂಟರನ್ನು ಹೇಳತೊಡಗಿದಳು, ನನ್ನ ಜೊತೆಗೇ, ನಮ್ಮಾಕೆಯ ಜೊತೆಗೆ. ಅಜ್ಜ, ಅಜ್ಜಿ, ಅಪ್ಪ. ಒಂದು ತಟ್ಟು. ಅಮ್ಮ, ದೊಡ್ಡಪ್ಪ, ದೊಡ್ಡಮ್ಮ, ಮಾವ. ಇನ್ನೊಂದು. ಅತ್ತೆ, ಅಣ್ಣ, ಅಕ್ಕ. ಮೂವರೂ ಉಸಿರು ಹಿಡಿದೆವು.

ತಮ್ಮ ಎನ್ನುವುದಕ್ಕೂ ತಟ್ಟುವುದಕ್ಕೂ ಸರಿಹೋಯಿತು.

“ಹತ್ತು ಮುಕ್ಕಾಲು ಚಿಲ್ಲರೆ. ಹದಿಮೂರು ಅಡಿ,” ಎಂದು ಮೇಡಂ ಮೇಣದ ಕಡ್ಡಿಯನ್ನು ಚೀಲಕ್ಕೆ ಹಾಕಿದಳು.

ಹತ್ತೂವರೆಗೆ ಮಂಜು ಎದ್ದಿತು. ತೊಟ್ಟಿಲಲ್ಲಿ ಅವಳನ್ನು ಆಚೆ ಕಳಿಸಿದೆ. ನಡೆದದ್ದನ್ನು ಆಯ್ತಪ್ಪನೇ ಆಮೇಲೆ ಹೇಳಿದ. ಅವನು ಮುಖ ಉಜ್ಜಿ ಉಜ್ಜಿ ತೊಳೆದು, ಕೈ ಬೆನ್ನ ಹಿಂದಿಟ್ಟು, ಏನೂ ಅರಿಯದವನಂತೆ ನಿಂತಿದ್ದನಂತೆ. ಒಂದು ಕಿವಿ ಮಾತ್ರ ಪೂರ್ತಿ ಕಪ್ಪು. ಮೇಡಂ ಹಗ್ಗ ಮುಟ್ಟಿ, ಬೆರಳು ಮೂಸಿದಳಂತೆ.

“ಗ್ರೀಸ್ ಚೆನ್ನಾಗಿದೆ. ಯಾವಾಗ ಹಚ್ಚಿದ್ದು?”

“ಆಯ್ತಲ್ಲ ಮೇಡಂ, ಸುಮಾರು ದಿನ ಆಯ್ತು.”

“ಇನ್ನೂ ಬೆಚ್ಚಗಿದೆ,” ಎಂದಳಂತೆ.

ಅವನನ್ನು ಕೆಲಸದಿಂದ ತೆಗೆಯಲಿಲ್ಲ. ತೆಗೆಯಬಹುದಿತ್ತು, ಹಾಗೆಂದು ಅವನ ಹೆಂಡತಿಯ ಎದುರೇ ಹೇಳಿದಳಂತೆ, ಅದು ತೆಗೆದದ್ದಕ್ಕಿಂತ ಜಾಸ್ತಿ ಕೆಲಸ ಮಾಡಿತು. ಕಾಗದದ ಕೆಳಗೆ ಒಂದು ಸಾಲು ಸೇರಿಸಿದಳು: ಇನ್ನು ಮೇಲೆ ಪ್ರತಿ ತಿಂಗಳು ಮೊದಲ ದಿನ, ಮಂಜಿಲ್ಲದ ಹೊತ್ತಿನಲ್ಲಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಗ್ರೀಸ್ ಹಚ್ಚಬೇಕು, ಈ ದಡದವರು ಗಳಿಗೆಗೊಮ್ಮೆ ಪೆಟ್ಟು ಕೊಟ್ಟು ಅವನು ಎಲ್ಲಿದ್ದಾನೆ ಎಂದು ಬರೆದಿಡಬೇಕು. ಹಾಗೆ ಬರೆದಿಟ್ಟ ಪುಸ್ತಕ ಈಗಲೂ ನನ್ನ ಹತ್ತಿರ ಇದೆ. ‘ಅಕ್ಕ, ಅಣ್ಣ, ಅತ್ತೆ, ಅತ್ತೆ, ಅತ್ತೆ, ಅತ್ತೆ’ ಎಂದು ಒಂದು ತಿಂಗಳು ಬರೆದಿದೆ. ಆ ಸಂಜೆ ಕೇಳಿದೆ, “ಅತ್ತೆ ಹತ್ತಿರ ಅಷ್ಟು ಹೊತ್ತು ಏನು ಮಾಡ್ತಿದ್ದೆಯೋ?”

“ಬೀಡಿ ಸೇದ್ತಿದ್ದೆ ಭಾವ. ನಿಮಗೆ ಹೆಂಗೆ ಗೊತ್ತಾಯ್ತು?”

ಮೇಡಂ ಈಚೆ ಬಂದು ಹೊರಡುವಾಗ ನನ್ನ ದೊಣ್ಣೆಯನ್ನು ಒಂದು ಸಲ ಕೈಯಲ್ಲಿ ತೂಗಿ ನೋಡಿದಳು. ಪುಸ್ತಕದ ಪಟ್ಟಿಯ ಪಕ್ಕದ ಖಾಲಿ ಜಾಗದಲ್ಲಿ ಪೆನ್ಸಿಲಿನಿಂದ ಏನೋ ಸಣ್ಣಕ್ಷರದಲ್ಲಿ ಬರೆದುಕೊಂಡಳು. ನನಗೆ ಓದಲಾಗಲಿಲ್ಲ, ನಮ್ಮಾಕೆ ಬಗ್ಗಿ ನೋಡಿದಳು. ಹನ್ನೊಂದು ನೆಂಟರ ಹೆಸರಂತೆ, ಸಾಲಾಗಿ. ಸೋಮವಾರ ಮಧ್ಯಾಹ್ನವೇ ಜೀಪು ಹೊರಟಿತು.

ಮಂಗಳವಾರ ಇಡೀ ದಿನ ನಮ್ಮಾಕೆ ಟ್ರಂಕು ಬಿಚ್ಚಿ ಬಿಚ್ಚಿ ಕಟ್ಟಿದಳು. ಹಳೇ ಸೀರೆಗಳನ್ನು ಮಡಿಸಿ ಮಗುವಿಗೆ ಬಟ್ಟೆ ಹರಿದಿಟ್ಟಳು. ನನಗೆ ಒಲೆ, ಬೀಗ, ಹಾಲಿನ ಪಾತ್ರೆಗಳ ಬಗ್ಗೆ ಇಪ್ಪತ್ತು ಸಲ ಹೇಳಿದಳು. ಮಗು ಹುಟ್ಟಿದರೆ ಹೇಗೆ ತಿಳಿಸುವುದು ಎಂಬ ಮಾತು ಬಂತು. ಗಂಡಾದರೆ ಒಂದು ಪೆಟ್ಟು, ಹೆಣ್ಣಾದರೆ ಎರಡು ಎಂದೆ. “ಬೇಡಪ್ಪ, ಒಂದು ಹೊಡೆದ್ರೆ ಅದು ಹೋಗಿ ಬಂದು ಹೋಗಿ ಬಂದು, ನೀವು ಇಲ್ಲಿ ಆರೇಳು ಮಕ್ಕಳನ್ನ ಎಣಿಸ್ತಾ ಕೂತ್ಕೋತೀರ. ನಾನು ದಡದಲ್ಲಿ ನಿಂತು ಕೂಗ್ತೀನಿ,” ಎಂದಳು. ಅವಳ ಗಂಟಲಿನ ಮೇಲೆ ನನಗೂ ಭರವಸೆ ಇತ್ತು.

ಬೆಳಿಗ್ಗೆ ಏಳಕ್ಕೆ ಬಿಸಿಲು ಚೆನ್ನಾಗಿತ್ತು. ಟ್ರಂಕನ್ನು ತೊಟ್ಟಿಲಲ್ಲಿಟ್ಟು, ಅವಳು ಅದರ ಮೇಲೇ ಕೂತಳು. ಒಂದು ಪೆಟ್ಟು ಕೊಟ್ಟು ರಾಟೆ ತಿರುಗಿಸಿದೆ. ಗ್ರೀಸ್ ಹಚ್ಚಿದ ಹಗ್ಗದ ಮೇಲೆ ಗಾಲಿ ಸದ್ದಿಲ್ಲದೆ ಓಡಿತು. ಅಮ್ಮನ ಹತ್ತಿರ ಹೋದಾಗ ಕೈ ಬೀಸಿದಳು. ಮಾವನ ಹತ್ತಿರ ಹೋದಾಗ ಹಾಲಿನ ಪಾತ್ರೆಯ ಬಗ್ಗೆ ಮತ್ತೆ ಏನೋ ಕೂಗಿದಳು. ತಮ್ಮ ಎದುರಿಗೆ ಎರಡೂ ಕೈ ಚಾಚಿಕೊಂಡು ನಿಂತಿದ್ದ. ನಮ್ಮಾಕೆ ಆ ದಡಕ್ಕೆ ಹೋದದ್ದು ಹಾಗೆ, ಬುಧವಾರ.